ನೋಟ ಕಿರಿದಾಗುತ್ತಿರುವ ತಮ್ಮನಿಗೆ ಕೆಲಸ: ಅಡ್ಡಿ ಎಲ್ಲೆಲ್ಲಿದೆ, ದಾಟುವುದು ಹೇಗೆ?

ಪ್ರಶ್ನೆ: ನನ್ನ ತಮ್ಮನಿಗೆ 24 ವರ್ಷ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಣ್ಣಿನ ಕಾಯಿಲೆ ಇದೆ. ಎದುರಿಗಿರುವುದು ಕಾಣುತ್ತದೆ, ಅಕ್ಕಪಕ್ಕದ್ದು ಕಾಣುವುದಿಲ್ಲ. ಸಂಜೆಯಾದರೆ ಕೈ ಹಿಡಿದು ನಡೆಸಬೇಕು. ಬಿ.ಕಾಂ. ಮುಗಿಸಿ ಎರಡು ವರ್ಷವಾಯಿತು. ಬ್ಯಾಂಕ್ ಪರೀಕ್ಷೆ ಎರಡು ಸಲ ಬರೆದ, ಸಮಯ ಸಾಲಲಿಲ್ಲ ಎಂದ. ಖಾಸಗಿ ಕಂಪನಿಗಳಲ್ಲಿ ಮೂರು ಸಂದರ್ಶನ ಆಯಿತು, ಮೂರರಲ್ಲೂ 'ಆಮೇಲೆ ತಿಳಿಸುತ್ತೇವೆ' ಎಂದರು. ಅವನ ಅಂಗವಿಕಲತೆ ಪ್ರಮಾಣಪತ್ರದಲ್ಲಿ ಬಲಗಣ್ಣು 6/18, ಎಡಗಣ್ಣು 5/60, ಒಟ್ಟು ಶೇ 20 ಎಂದಿದೆ. ಮೊಬೈಲ್ ಚೆನ್ನಾಗಿ ಬಳಸುತ್ತಾನೆ, ಕಂಪ್ಯೂಟರ್ ಅಷ್ಟಕ್ಕಷ್ಟೇ. ಅಪ್ಪ ಊರಲ್ಲೇ ಅಂಗಡಿ ಹಾಕಿಕೊಡುತ್ತೇನೆ ಅನ್ನುತ್ತಿದ್ದಾರೆ. ನಾವು ಎಲ್ಲಿ ತಪ್ಪುತ್ತಿದ್ದೇವೆ?
ಓದುಗರೊಬ್ಬರು, ಕೊಪ್ಪಳ ಜಿಲ್ಲೆ

ಉತ್ತರ: ನಿಮ್ಮ ಪತ್ರದಲ್ಲಿ ನನ್ನನ್ನು ತಡೆದು ನಿಲ್ಲಿಸಿದ್ದು ಆ ಶೇ 20. ಮೀಸಲಾತಿಗೆ ಶೇ 40 ಬೇಕು. ಪರೀಕ್ಷೆಯಲ್ಲಿ ಸಮಯ ಸಾಲದೇ ಹೋದದ್ದಕ್ಕೂ ಮೀಸಲು ಹುದ್ದೆಗಳ ಬಾಗಿಲು ತೆರೆಯದಿರುವುದಕ್ಕೂ ಬೇರು ಅಲ್ಲೇ ಇರುವಂತಿದೆ. ಅದನ್ನು ಸರಿಪಡಿಸದೆ ಮೂರನೇ ಸಲ ಪರೀಕ್ಷೆ ಬರೆಸಿದರೂ ಫಲ ಅದೇ ಆಗುತ್ತದೆ.

ದೃಷ್ಟಿಯನ್ನು ಕಾನೂನು ಎರಡು ಬಗೆಯಲ್ಲಿ ಅಳೆಯುತ್ತದೆ. ಒಂದು, ಎಷ್ಟು ಸ್ಪಷ್ಟವಾಗಿ ಕಾಣುತ್ತದೆ ಎಂಬುದು. ಗೋಡೆಗೆ ತೂಗುಹಾಕಿದ ಅಕ್ಷರದ ಪಟದಿಂದ ಸಿಗುವ 6/18, 5/60 ಇವೆಲ್ಲ ಆ ಲೆಕ್ಕ. 6/18 ಎಂದರೆ ಉಳಿದವರಿಗೆ 18 ಮೀಟರ್ ದೂರದಿಂದ ಕಾಣುವ ಅಕ್ಷರ ಇವನಿಗೆ 6 ಮೀಟರಿನಿಂದ ಕಾಣುತ್ತದೆ ಎಂದರ್ಥ. ಇನ್ನೊಂದು, ಎಷ್ಟು ಅಗಲಕ್ಕೆ ಕಾಣುತ್ತದೆ ಎಂಬುದು. ಇದನ್ನು ದೃಷ್ಟಿಕ್ಷೇತ್ರ ಎನ್ನುತ್ತಾರೆ, ಡಿಗ್ರಿಯಲ್ಲಿ ಹೇಳುತ್ತಾರೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮದ ಪ್ರಕಾರ, ಕನ್ನಡಕ ಹಾಕಿದ ಮೇಲೂ ಉತ್ತಮವಾದ ಕಣ್ಣಿನಲ್ಲಿ 3/60ಕ್ಕಿಂತ ಕಡಿಮೆ ಕಂಡರೆ ಅಂಧತ್ವ. ದೃಷ್ಟಿಕ್ಷೇತ್ರ 10 ಡಿಗ್ರಿಗಿಂತ ಕಿರಿದಾಗಿದ್ದರೂ ಅಂಧತ್ವವೇ, ಅಕ್ಷರದ ಪಟವನ್ನು ಎಷ್ಟೇ ಚೆನ್ನಾಗಿ ಓದಿದರೂ ಸರಿ. 10ರಿಂದ 40 ಡಿಗ್ರಿಯೊಳಗಿದ್ದರೆ ಮಂದದೃಷ್ಟಿ. ನಿಮ್ಮ ತಮ್ಮನ ಕಾಯಿಲೆ ಮೊದಲು ತಿನ್ನುವುದೇ ಅಂಚುಗಳನ್ನು. ನಡುವಿನ ನೋಟ ಕೊನೆಯವರೆಗೂ ಉಳಿಯಬಹುದು. ಹಾಗಾಗಿ ಪಟ ಮಾತ್ರ ಓದಿಸಿ ಬರೆದ ಪ್ರಮಾಣಪತ್ರ ಅವನ ಕಷ್ಟದ ಅರ್ಧವನ್ನೂ ಹೇಳುವುದಿಲ್ಲ. ನೀವು ಬರೆದಿರುವ ಎರಡು ಅಂಕೆಗಳ ಪಕ್ಕದಲ್ಲಿ ಡಿಗ್ರಿಯ ಅಂಕೆ ಇಲ್ಲ ಎಂದರೆ ಕ್ಷೇತ್ರವನ್ನು ಲೆಕ್ಕಕ್ಕೆ ಹಿಡಿದಿಲ್ಲ ಎಂದೇ ತಿಳಿಯಬೇಕು.

ಬೇಕಾದದ್ದು ಪೆರಿಮೆಟ್ರಿ ಎಂಬ ಪರೀಕ್ಷೆಯ ವರದಿ, ಎರಡೂ ಕಣ್ಣಿನದು. ಒಂದು ಬಟ್ಟಲಿನಂಥ ಯಂತ್ರದೊಳಗೆ ನಡುವಿನ ಚುಕ್ಕೆಯನ್ನೇ ನೋಡುತ್ತ, ಅಂಚಿನಲ್ಲಿ ಬೆಳಕು ಮಿನುಗಿದಾಗಲೆಲ್ಲ ಗುಂಡಿ ಒತ್ತಬೇಕು. ಕಣ್ಣು ಅತ್ತಿತ್ತ ಹೊರಳಿದರೆ, ದಣಿದು ತಪ್ಪು ಒತ್ತಿದರೆ ವರದಿಯಲ್ಲಿ 'ನಂಬಲರ್ಹವಲ್ಲ' ಎಂಬ ಅರ್ಥದ ಗುರುತು ಬೀಳುತ್ತದೆ, ವೈದ್ಯಕೀಯ ಮಂಡಳಿ ಅದನ್ನು ಪಕ್ಕಕ್ಕಿಡುತ್ತದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಬಂದು ನೇರ ಪರೀಕ್ಷೆಗೆ ಕೂರಿಸಬೇಡಿ. ವರದಿ ಕೈಗೆ ಬಂದ ಮೇಲೆ, ಕಾಯಿಲೆಯ ಹೆಸರು ಮತ್ತು ಅದು ಮುಂದುವರಿಯುವ ಸ್ವರೂಪದ್ದು ಎಂಬ ಮಾತು ಇರುವ ಕಣ್ಣಿನ ವೈದ್ಯರ ಸಾರಾಂಶವನ್ನೂ ಸೇರಿಸಿ, ಸ್ವಾವಲಂಬನ್ ಪೋರ್ಟಲ್‌ನಲ್ಲಿ ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡಿಗೆ ಮರುಮೌಲ್ಯಮಾಪನ ಕೋರಿ ಜಿಲ್ಲಾ ಆಸ್ಪತ್ರೆಗೆ ಹೋಗಿ. ಮಂಡಳಿ ಒಪ್ಪದಿದ್ದರೆ ಅಧಿನಿಯಮದ 59ನೇ ಕಲಂ ಪ್ರಕಾರ ಮೇಲ್ಮನವಿಗೆ ಅವಕಾಶವಿದೆ. ಮೀಸಲಾತಿಯ ಗೆರೆ ಇರುವುದು ಶೇ 40ರಲ್ಲಿ. 40ರಿಂದ 79ರವರೆಗೆ ಹಳದಿ ಕಾರ್ಡು, 80 ಮತ್ತು ಮೇಲ್ಪಟ್ಟು ನೀಲಿ. ಇನ್ನೊಂದು ಸಣ್ಣ ಮಾತು, ಆದರೆ ದಾಖಲೆ ಪರಿಶೀಲನೆಯ ದಿನ ದೊಡ್ಡದಾಗುವಂಥದ್ದು: ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಯುಡಿಐಡಿ ಮೂರರಲ್ಲೂ ಹೆಸರಿನ ಕಾಗುಣಿತ ಒಂದೇ ಇರಲಿ. ಇನಿಷಿಯಲ್ ಹಿಂದು ಮುಂದಾದರೂ ತಕರಾರು ಬರುತ್ತದೆ.

ಈಗ ಸರ್ಕಾರಿ ಹುದ್ದೆಗಳ ವಿಷಯ. ಕೇಂದ್ರದ ಇಲಾಖೆ, ಸಾರ್ವಜನಿಕ ವಲಯದ ಬ್ಯಾಂಕುಗಳಲ್ಲಿ ಅಂಗವಿಕಲರಿಗೆ ಶೇ 4 ಮೀಸಲಾತಿ, ಅದರಲ್ಲಿ ಶೇ 1 ಅಂಧತ್ವ ಮತ್ತು ಮಂದದೃಷ್ಟಿಯವರಿಗೆ. ಕರ್ನಾಟಕ ಸರ್ಕಾರದಲ್ಲಿ ಎ ಮತ್ತು ಬಿ ವೃಂದಕ್ಕೆ ಶೇ 4, ಸಿ ಮತ್ತು ಡಿ ವೃಂದಕ್ಕೆ ಶೇ 5. ಆದರೆ ಶೇಕಡಾವಾರು ನೋಡಿ ಅರ್ಜಿ ಹಾಕಿದರೆ ಸಾಲದು. ಯಾವ ಹುದ್ದೆ ಯಾವ ಅಂಗವಿಕಲತೆಗೆ ಹೊಂದುತ್ತದೆ ಎಂಬ ಪಟ್ಟಿ ಬೇರೆಯೇ ಇದೆ. ಕೇಂದ್ರ 2021ರ ಜನವರಿಯಲ್ಲಿ ಹೊರಡಿಸಿದ ಪಟ್ಟಿಯಲ್ಲಿ 3,566 ಹುದ್ದೆಗಳಿವೆ. ಪ್ರತಿ ಹುದ್ದೆಯ ಮುಂದೆ ಸಂಕೇತಾಕ್ಷರಗಳಿರುತ್ತವೆ: 'ಬಿ' ಎಂದರೆ ಅಂಧತ್ವ, 'ಎಲ್‌ವಿ' ಎಂದರೆ ಮಂದದೃಷ್ಟಿ. ಪಕ್ಕದ ಇನ್ನೊಂದು ಕಾಲಂನಲ್ಲಿ ಆ ಕೆಲಸಕ್ಕೆ ಬೇಕಾದ ದೈಹಿಕ ಸಾಮರ್ಥ್ಯ ಬರೆದಿರುತ್ತಾರೆ. ಅಲ್ಲಿ 'ಎಸ್‌ಇ' ಇದ್ದರೆ 'ನೋಡಿ ಮಾಡುವ ಕೆಲಸ' ಎಂದರ್ಥ. ಎಷ್ಟೋ ಹುಡುಗರು ಪರೀಕ್ಷೆ ಗೆದ್ದ ಮೇಲೆ ದಾಖಲೆ ಪರಿಶೀಲನೆಯಲ್ಲಿ ಹೊರಬೀಳುವುದು ಇಲ್ಲಿ. ಎಲ್‌ವಿಗೆ ಮಾತ್ರ ಇರುವ ಹುದ್ದೆಗೆ ಅಂಧತ್ವದ ಪ್ರಮಾಣಪತ್ರ ಇದ್ದವರು ಅರ್ಜಿ ಹಾಕಿರುತ್ತಾರೆ. ನಿಮ್ಮ ತಮ್ಮನ ಹೊಸ ಪ್ರಮಾಣಪತ್ರ ಯಾವ ವರ್ಗದ್ದಾಗಿ ಬರುತ್ತದೋ ನೋಡಿಕೊಂಡು, ಪ್ರತಿ ಅಧಿಸೂಚನೆಯ ಆ ಕಾಲಮನ್ನು ಮೊದಲು ಓದಿ, ಆಮೇಲೆ ಸಿಲಬಸ್.

ಹುದ್ದೆ ಗುರುತಿಸುವಲ್ಲೇ ಕಣ್ಣಿಲ್ಲದವರನ್ನು ಹೊರಗಿಡುವ ಹಳೆಯ ಅಭ್ಯಾಸವನ್ನು ನ್ಯಾಯಾಲಯಗಳು ಒಪ್ಪಿಲ್ಲ. ಹುದ್ದೆ ಗುರುತಿಸಿಲ್ಲ ಎಂಬ ನೆಪದಿಂದ ಮೀಸಲಾತಿ ತಡೆಯುವಂತಿಲ್ಲ ಎಂದು ರವಿ ಪ್ರಕಾಶ್ ಗುಪ್ತಾ ಪ್ರಕರಣದಲ್ಲಿ 2010ರಲ್ಲೇ ಸುಪ್ರೀಂ ಕೋರ್ಟ್ ಹೇಳಿತು. 2025ರ ಮಾರ್ಚ್ 3ರಂದು, ದೃಷ್ಟಿ ಇಲ್ಲ ಎಂಬ ಒಂದೇ ಕಾರಣಕ್ಕೆ ನ್ಯಾಯಾಧೀಶರ ಹುದ್ದೆಯ ಅವಕಾಶ ನಿರಾಕರಿಸುವಂತಿಲ್ಲ ಎಂದು ತೀರ್ಪು ಕೊಟ್ಟು, ಮಧ್ಯಪ್ರದೇಶದ ನಿಯಮವೊಂದನ್ನು ರದ್ದುಗೊಳಿಸಿತು. ಸಾಕ್ಷಿ, ಕಡತ, ವಾದ ಎಲ್ಲವನ್ನೂ ಅಳೆದು ತೂಗುವ ಕೆಲಸಕ್ಕೇ ದೃಷ್ಟಿ ಅಡ್ಡಿಯಲ್ಲ ಎಂದ ಮೇಲೆ ಗುಮಾಸ್ತಿಕೆಗೆ ಅಡ್ಡಿ ಎನ್ನುವುದು ಯಾವ ನ್ಯಾಯ?

ಪರೀಕ್ಷೆಗೆ ಬರೋಣ. ಬ್ಯಾಂಕಿನ ಪ್ರಾಥಮಿಕ ಪರೀಕ್ಷೆ 100 ಪ್ರಶ್ನೆ, 60 ನಿಮಿಷ. ಶೇ 40 ಮತ್ತು ಮೇಲ್ಪಟ್ಟ ಪ್ರಮಾಣಪತ್ರ ಇದ್ದವರಿಗೆ ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ, ಅಂದರೆ ಒಟ್ಟು 80. ನಿಮ್ಮ ತಮ್ಮ ಆ 20 ನಿಮಿಷ ಇಲ್ಲದೆ, ಕಿರಿದಾದ ನೋಟದಲ್ಲಿ ಸಾಲು ಹುಡುಕುತ್ತ ಎಲ್ಲರ ಜೊತೆ ಓಡಿದ್ದಾನೆ. ಸಮಯ ಸಾಲಲಿಲ್ಲ ಎಂದು ಅವನು ಹೇಳಿದ್ದು ನೆಪವಲ್ಲ.

ಹೊಸ ಪ್ರಮಾಣಪತ್ರ ಬಂದ ಮೇಲೆ ಅರ್ಜಿಯಲ್ಲಿ ಎರಡು ಪ್ರಶ್ನೆ ಎದುರಾಗುತ್ತವೆ: ಸ್ಕ್ರೈಬ್ (ಪ್ರಶ್ನೆ ಓದಿಹೇಳಿ, ಹೇಳಿದ ಉತ್ತರ ಗುರುತಿಸುವ ಸಹಾಯಕ) ಬೇಕೇ, ದೊಡ್ಡ ಅಕ್ಷರದ ಪರದೆ ಬೇಕೇ. ಬ್ಯಾಂಕುಗಳ ನೇಮಕಾತಿ ಪರೀಕ್ಷೆ ನಡೆಸುವ ಐಬಿಪಿಎಸ್ ಸಂಸ್ಥೆಯ ಪರೀಕ್ಷೆಗಳಲ್ಲಿ ಸ್ಕ್ರೈಬ್ ತೆಗೆದುಕೊಂಡವರಿಗೆ ದೊಡ್ಡ ಅಕ್ಷರದ ಸೌಲಭ್ಯ ಇರುವುದಿಲ್ಲ, ಒಂದನ್ನೇ ಆರಿಸಬೇಕು. ಕಣ್ಣು ಮಂದವಾದವರಿಗೆಲ್ಲ ಅಕ್ಷರ ದೊಡ್ಡದು ಮಾಡಿದರೆ ಒಳ್ಳೆಯದು ಎಂಬ ತಿಳಿವಳಿಕೆ ಈ ಕಾಯಿಲೆಯ ಮಟ್ಟಿಗೆ ತಲೆಕೆಳಗು. ಕೊಳವೆಯಲ್ಲಿ ಇಣುಕಿದಂತೆ ನೋಡುವವರಿಗೆ ಅಕ್ಷರ ದೊಡ್ಡದಾದಷ್ಟೂ ಒಂದು ನೋಟಕ್ಕೆ ಸಿಗುವ ಅಕ್ಷರಗಳು ಕಡಿಮೆಯಾಗುತ್ತವೆ. ಒಂದು ಪದ ಎರಡು ತುಂಡಾಗುತ್ತದೆ, ಸಾಲಿನ ತುದಿಯಿಂದ ಮುಂದಿನ ಸಾಲಿಗೆ ಬರುವಷ್ಟರಲ್ಲಿ ದಾರಿ ತಪ್ಪುತ್ತದೆ. ಇಂಥವರಿಗೆ ನೆರವಾಗುವುದು ಸಾಧಾರಣ ಗಾತ್ರದ ಅಕ್ಷರ, ಕಪ್ಪು ಹಿನ್ನೆಲೆಯ ಮೇಲೆ ಬಿಳಿ ಬಣ್ಣ, ಕಣ್ಣು ಕುಕ್ಕದ ಬೆಳಕು. ಪರೀಕ್ಷೆಯ ಪರದೆಯಲ್ಲಿ ಇದು ಸಿಗುವ ಭರವಸೆ ಇಲ್ಲದ್ದರಿಂದ ನಾನಾಗಿದ್ದರೆ ಸ್ಕ್ರೈಬ್ ಆರಿಸಿ ಎನ್ನುತ್ತೇನೆ. ಆದರೆ ಸ್ಕ್ರೈಬ್ ಜೊತೆ ಬರೆಯುವುದೂ ಒಂದು ವಿದ್ಯೆ. ಪ್ರಶ್ನೆಯನ್ನು ಕಿವಿಯಿಂದ ಕೇಳಿ, ಅಂಕಿಗಳನ್ನು ತಲೆಯಲ್ಲಿಟ್ಟುಕೊಂಡು, 'ಬಿಡು, ಮುಂದಿನದು' ಎನ್ನುವ ಅಭ್ಯಾಸ ಬೇಕು. ಕನಿಷ್ಠ ಹದಿನೈದು ಮಾದರಿ ಪರೀಕ್ಷೆಯನ್ನಾದರೂ ನೀವೇ ಓದಿಹೇಳಿ ಗಡಿಯಾರ ಇಟ್ಟು ಮಾಡಿಸಿ. ಸ್ಕ್ರೈಬ್ ಯಾರು ತರಬೇಕು, ಅವರ ಓದು ಎಷ್ಟಿರಬೇಕು ಎಂಬ ನಿಯಮ ಬದಲಾಗುತ್ತಿರುತ್ತದೆ. ಹಿಂದಿನ ವರ್ಷ ನಡೆದದ್ದನ್ನು ನಂಬದೆ ಆಯಾ ಅಧಿಸೂಚನೆಯನ್ನೇ ಓದಿ.

ಅರ್ಜಿಯ ಹಂತದಲ್ಲಿ ಎಡವುವ ಜಾಗಗಳು ಬೇರೆ. ಐಬಿಪಿಎಸ್‌ಗೆ ನಾಲ್ಕು ಚಿತ್ರ ಸೇರಿಸಬೇಕು: ಫೋಟೊ 20ರಿಂದ 50 ಕೆಬಿ, ಸಹಿ 10ರಿಂದ 20 ಕೆಬಿ, ಎಡಗೈ ಹೆಬ್ಬೆರಳ ಗುರುತು 20ರಿಂದ 50 ಕೆಬಿ, ಕೈಬರಹದ ಘೋಷಣೆ 50ರಿಂದ 100 ಕೆಬಿ. ಬರೆಯಲಾಗದವರು ಘೋಷಣೆಯನ್ನು ಟೈಪ್ ಮಾಡಿಸಿ ಕೆಳಗೆ ಎಡ ಹೆಬ್ಬೆರಳ ಗುರುತು ಒತ್ತಬಹುದು. ಚಿತ್ರ ಮಸುಕಾಗಿದೆಯೇ ಎಂಬುದನ್ನು ಪರದೆ ಓದಿಹೇಳುವ ಮೊಬೈಲಿನ ಟಾಕ್‌ಬ್ಯಾಕ್ ಹೇಳುವುದಿಲ್ಲ. ಕಳಿಸುವ ಮೊದಲು ನೀವು ಒಮ್ಮೆ ನೋಡಿ. ಕ್ಯಾಪ್ಚಾ ಚಿತ್ರದ ಪಕ್ಕದಲ್ಲಿ ಧ್ವನಿಯ ಗುಂಡಿ ಇಲ್ಲದ ಜಾಲತಾಣಗಳು ಇನ್ನೂ ಬಹಳ ಇವೆ. ಇದು ಅವನ ಕೊರತೆಯಲ್ಲ, ಜಾಲತಾಣ ಕಟ್ಟಿದವರದು. ಆ ಪರದೆಯ ಚಿತ್ರ ಮತ್ತು ದಿನಾಂಕ ಉಳಿಸಿಕೊಳ್ಳಿ, ದೂರು ಕೊಡುವಾಗ ಬೇಕಾಗುತ್ತದೆ.

ಇನ್ನು ಕಂಪ್ಯೂಟರ್. ಖಾಸಗಿ ಸಂದರ್ಶನಗಳು 'ತಿಳಿಸುತ್ತೇವೆ' ಎಂಬಲ್ಲಿಗೆ ನಿಲ್ಲುವುದು ಹೆಚ್ಚಾಗಿ ಎದುರಿಗೆ ಕೂತವರಿಗೆ 'ಈ ಹುಡುಗ ಪರದೆ ನೋಡದೆ ಕೆಲಸ ಹೇಗೆ ಮಾಡುತ್ತಾನೆ' ಎಂಬ ಕಲ್ಪನೆಯೇ ಇಲ್ಲದ್ದರಿಂದ. ಅವರು ಕೇಳಲು ಸಂಕೋಚಪಡುತ್ತಾರೆ, ಇವನು ಹೇಳಲು ಸಂಕೋಚಪಡುತ್ತಾನೆ. ಅದನ್ನು ಮಾಡಿ ತೋರಿಸಬೇಕು, ತೋರಿಸುವಷ್ಟು ಕಲಿತಿರಬೇಕು. ಮೊಬೈಲ್ ಚುರುಕಾಗಿ ಬಳಸುವುದು ಕಚೇರಿ ಕೆಲಸಕ್ಕೆ ಸಾಕಾಗುವುದಿಲ್ಲ.

ಎನ್‌ವಿಡಿಎ ಎಂಬ ಪರದೆ ಓದುವ ತಂತ್ರಾಂಶ ಉಚಿತ. ಆಸ್ಟ್ರೇಲಿಯಾದ ಇಬ್ಬರು ಅಂಧ ತಂತ್ರಜ್ಞರು 2006ರಲ್ಲಿ ಶುರುಮಾಡಿದ್ದು. ಕಲಿಕೆಯ ಕ್ರಮ ಮುಖ್ಯ. ಮೊದಲ ಎರಡು ತಿಂಗಳು ಟೈಪಿಂಗ್ ಮಾತ್ರ: ಎಫ್ ಮತ್ತು ಜೆ ಕೀಗಳ ಮೇಲಿನ ಉಬ್ಬುಗೀಟನ್ನು ತೋರುಬೆರಳಿಗೆ ಗುರುತು ಮಾಡಿಕೊಂಡು, ನಿಮಿಷಕ್ಕೆ 30 ಪದ ಬರುವವರೆಗೆ. ಉಳಿದ ನೋಟದಿಂದ ಕೀಬೋರ್ಡ್ ನೋಡುವ ಚಪಲ ಬಿಡಿಸಿ, ಇಲ್ಲದಿದ್ದರೆ ನೋಟ ಇನ್ನಷ್ಟು ಕಿರಿದಾದ ದಿನ ಎಲ್ಲವನ್ನೂ ಹೊಸದಾಗಿ ಕಲಿಯಬೇಕಾಗುತ್ತದೆ. ಆಮೇಲೆ ಎನ್‌ವಿಡಿಎ ಜೊತೆ ವರ್ಡ್, ಇಮೇಲ್, ಬ್ರೌಸರ್. ಕೊನೆಗೆ ಎಕ್ಸೆಲ್, ಅದಕ್ಕೆ ಹೆಚ್ಚು ಸಮಯ ಕೊಡಿ, ಬಿ.ಕಾಂ. ಓದಿದವನ ಅನ್ನ ಇರುವುದು ಅಲ್ಲೇ. 150ನೇ ಸಾಲಿನಲ್ಲಿ ನಿಂತಾಗ ಬರೀ '4,200' ಎಂದು ಕೇಳಿದರೆ ಅದು ಯಾವುದರ ಮೊತ್ತ ಎಂದು ತಿಳಿಯದೆ ತಬ್ಬಿಬ್ಬಾಗುತ್ತಾರೆ. ಶೀರ್ಷಿಕೆಯ ಸಾಲಿನ ಮೊದಲ ಮನೆಯಲ್ಲಿ ನಿಂತು ಎನ್‌ವಿಡಿಎ ಕೀ (ಸಾಮಾನ್ಯವಾಗಿ ಇನ್ಸರ್ಟ್), ಶಿಫ್ಟ್, ಸಿ ಒಟ್ಟಿಗೆ ಒತ್ತಿದರೆ ಆಮೇಲೆ ಕಾಲಂನಿಂದ ಕಾಲಂಗೆ ಸರಿದಾಗಲೆಲ್ಲ ಅದರ ಹೆಸರನ್ನೂ ಹೇಳುತ್ತದೆ. ಫಿಲ್ಟರ್ ಹಾಕಲು ಕಂಟ್ರೋಲ್, ಶಿಫ್ಟ್, ಎಲ್. ಫಿಲ್ಟರ್ ಪಟ್ಟಿ ತೆರೆಯಲು ಆಲ್ಟ್ ಮತ್ತು ಕೆಳಬಾಣ. ಇಷ್ಟನ್ನು ಬೆರಳಿಗೆ ತಂದುಕೊಂಡರೆ ಪಿವಟ್ ಟೇಬಲ್ ಕಷ್ಟವಲ್ಲ. ಟ್ಯಾಲಿ ಕೋರ್ಸಿಗೆ ಹಣ ಕಟ್ಟುವ ಮುನ್ನ ಆ ಸಂಸ್ಥೆಯ ಕಂಪ್ಯೂಟರಿನಲ್ಲೇ ಎನ್‌ವಿಡಿಎ ಹಾಕಿ, ಒಂದು ವೋಚರ್ ನಮೂದಿಸಿ ನೋಡಲಿ. ಲೆಕ್ಕದ ಕೆಲವು ತಂತ್ರಾಂಶಗಳು ಅಕ್ಷರಗಳನ್ನು ತಮ್ಮದೇ ರೀತಿಯಲ್ಲಿ ಪರದೆಗೆ ಬರೆಯುವುದರಿಂದ ಓದುಗ ತಂತ್ರಾಂಶಕ್ಕೆ ಏನೂ ಸಿಗುವುದಿಲ್ಲ.

ಕನ್ನಡದ ಕಚೇರಿಗಳಲ್ಲಿ ಇನ್ನೊಂದು ಅಡ್ಡಿ ಇದೆ, ಹೊರಗಿನವರಿಗೆ ಗೊತ್ತೇ ಆಗದಂಥದ್ದು. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ ಸುತ್ತೋಲೆ ಕಣ್ಣಿಗೆ ಕನ್ನಡ, ಕಂಪ್ಯೂಟರಿನ ಒಳಗೆ ಇಂಗ್ಲಿಷ್ ಅಕ್ಷರಗಳ ಸರಮಾಲೆ. 'ಕನ್ನಡ' ಎಂಬ ಪದದ ಮೊದಲ ಅಕ್ಷರ ಅಲ್ಲಿ ಇಂಗ್ಲಿಷಿನ 'ಪಿ' ಮತ್ತು ತಲೆಮೇಲೆ ಗುರುತಿರುವ 'ಎ' ಆಗಿ ಕೂತಿರುತ್ತದೆ. ಎನ್‌ವಿಡಿಎ ಇದ್ದದ್ದನ್ನು ಇದ್ದಂತೆ ಓದುತ್ತದೆ, ಕೇಳುವವರಿಗೆ ಅದು ಬರೀ ಗದ್ದಲ. ಎಲ್ಲ ಕಂಪ್ಯೂಟರಿಗೂ ಕನ್ನಡವೆಂದೇ ತಿಳಿಯುವ ಯೂನಿಕೋಡಿಗೆ ಪರಿವರ್ತಿಸಿದರೆ ಎನ್‌ವಿಡಿಎ ಜೊತೆ ಬರುವ ಇ-ಸ್ಪೀಕ್‌ನ ಕನ್ನಡ ಧ್ವನಿ ಓದುತ್ತದೆ. ಧ್ವನಿ ಯಾಂತ್ರಿಕವಾಗಿದ್ದರೂ ಒಂದೆರಡು ವಾರದಲ್ಲಿ ಕಿವಿ ಒಗ್ಗುತ್ತದೆ. ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಮುದ್ರಿಸಿ, ಸಹಿ ಹಾಕಿ, ಸ್ಕ್ಯಾನ್ ಮಾಡಿದ ಪಿಡಿಎಫ್ ಆದರೆ ಅದು ಬರೀ ಚಿತ್ರ. ಅದನ್ನು ಗೂಗಲ್ ಡ್ರೈವ್‌ಗೆ ಹಾಕಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಪಠ್ಯ ಸಾಕಷ್ಟು ಸರಿಯಾಗಿ ಹೊರಬರುತ್ತದೆ. ಕೋಷ್ಟಕಗಳು ಮಾತ್ರ ಚೆಲ್ಲಾಪಿಲ್ಲಿಯಾಗುತ್ತವೆ. ಕಚೇರಿಯ ಗುಟ್ಟಿನ ಕಡತಗಳನ್ನು ಹೀಗೆ ಹೊರಗೆ ಹಾಕುವಂತಿಲ್ಲ ಎಂಬ ಎಚ್ಚರವೂ ಇರಲಿ. ಸುತ್ತೋಲೆಯ ಜೊತೆ ಅದರ ಯೂನಿಕೋಡ್ ವರ್ಡ್ ಕಡತವನ್ನೂ ಕಳಿಸಿದರೆ ಒಬ್ಬ ನೌಕರನ ಅರ್ಧ ಕಷ್ಟ ತೀರುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಈ ಕೆಲಸ ಇನ್ನೂ ರೂಢಿಯಾಗಿಲ್ಲದಿರುವುದು ನನಗೆ ಬೇಸರದ ಸಂಗತಿ.

ತರಬೇತಿಗೆ ಬೆಂಗಳೂರಿನಲ್ಲಿ ಸಮರ್ಥನಂ, ಎನೇಬಲ್ ಇಂಡಿಯಾ, ಮಿತ್ರ ಜ್ಯೋತಿ ಸಂಸ್ಥೆಗಳಿವೆ. ಸೇರುವ ಮೊದಲು ಫೋನ್ ಮಾಡಿ, ಎಕ್ಸೆಲ್ ಎಷ್ಟು ಆಳಕ್ಕೆ ಕಲಿಸುತ್ತಾರೆ, ಬಿಳಿಕೋಲಿನ ನಡಿಗೆ ಕಲಿಸುತ್ತಾರೆಯೇ, ವಸತಿ ಇದೆಯೇ ಎಂದು ಕೇಳಿ. ಊರ ಪಂಚಾಯ್ತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿಗೆ ಅಂಗವಿಕಲರ ಇಲಾಖೆಯ ಯೋಜನೆಗಳ ಅರ್ಜಿಯ ಸಮಯ ತಿಳಿದಿರುತ್ತದೆ. ಬಿಳಿಕೋಲು ಎಂದರೆ ಮುಖ ಸಿಂಡರಿಸುವ ವಯಸ್ಸು ಅವನದು, ಗೊತ್ತು. ಆದರೆ ಸಂಜೆ ಆರಕ್ಕೆ ಕಚೇರಿಯಿಂದ ಒಬ್ಬನೇ ಬಸ್ ಸ್ಟ್ಯಾಂಡಿಗೆ ಬರಲಾಗದಿದ್ದರೆ ಸಿಕ್ಕ ಕೆಲಸವೂ ಉಳಿಯುವುದಿಲ್ಲ.

ಖಾಸಗಿ ಕಂಪನಿಗಳ ವಿಷಯದಲ್ಲಿ ಒಂದು ತಪ್ಪು ತಿಳಿವಳಿಕೆ ವ್ಯಾಪಕವಾಗಿದೆ. ಅಲ್ಲಿ ಕಡ್ಡಾಯ ಮೀಸಲಾತಿ ಇಲ್ಲ. ಸಿಬ್ಬಂದಿಯಲ್ಲಿ ಶೇ 5ರಷ್ಟು ಅಂಗವಿಕಲರು ಇರುವಂತೆ ಸರ್ಕಾರ ಪ್ರೋತ್ಸಾಹ ಕೊಡಬೇಕು ಎಂದಷ್ಟೇ ಕಾನೂನು ಹೇಳುತ್ತದೆ. ಆದರೆ 20 ಅಥವಾ ಹೆಚ್ಚು ಜನ ಕೆಲಸ ಮಾಡುವ ಪ್ರತಿ ಸಂಸ್ಥೆ ಸಮಾನ ಅವಕಾಶದ ನೀತಿಯನ್ನು ಪ್ರಕಟಿಸಬೇಕು. ಅದರಲ್ಲಿ ಸೂಕ್ತ ಹುದ್ದೆಗಳ ಪಟ್ಟಿ, ಆಯ್ಕೆಯ ವಿಧಾನ, ಸಂಪರ್ಕ ಅಧಿಕಾರಿಯ ಹೆಸರು ಇರಬೇಕು. ಅರ್ಜಿ ಹಾಕುವ ಮುನ್ನ ಕಂಪನಿಯ ಜಾಲತಾಣದಲ್ಲಿ ಅದನ್ನು ಹುಡುಕಿ. ಇದ್ದರೆ ಮಾತಾಡಲು ಒಬ್ಬರು ಸಿಕ್ಕಂತಾಯಿತು.

ದೃಷ್ಟಿಯ ವಿಷಯವನ್ನು ಬಯೋಡೇಟಾದ ಮೊದಲ ಸಾಲಿನಲ್ಲಿ ಬರೆಯುವುದು ಬೇಡ, ಸಂದರ್ಶನದ ಕೋಣೆಯವರೆಗೆ ಮುಚ್ಚಿಡುವುದೂ ಬೇಡ. ಮೊದಲ ಕರೆ ಬಂದ ಮೇಲೆ, ಪರೀಕ್ಷೆಗೆ ಮುಂಚೆ, ಒಂದು ಚಿಕ್ಕ ಇಮೇಲ್: ನಾನು ಪರದೆ ಓದುವ ತಂತ್ರಾಂಶದಿಂದ ಕೆಲಸ ಮಾಡುತ್ತೇನೆ, ಅದು ಉಚಿತ, ಪರೀಕ್ಷೆಗೆ ಇಂತಿಷ್ಟು ಬೇಕು. ಆನ್‌ಲೈನ್ ಪರೀಕ್ಷೆಯ ಕಾವಲು ತಂತ್ರಾಂಶಗಳು ಎನ್‌ವಿಡಿಎಯನ್ನು ನಕಲಿನ ಸಾಧನ ಎಂದುಕೊಂಡು ಮುಚ್ಚಿಬಿಡುವುದುಂಟು. ಹೆಡ್‌ಫೋನ್ ಹಾಕಿದ್ದಕ್ಕೂ ಕಣ್ಣು ಪರದೆಯ ಕಡೆ ಇಲ್ಲದ್ದಕ್ಕೂ ಎಚ್ಚರಿಕೆ ಹೊಡೆಯುವುದುಂಟು. ಅದಕ್ಕೆ ಬದಲಾಗಿ ವಿಡಿಯೊ ಕರೆಯಲ್ಲಿ ಒಬ್ಬರು ನೋಡುತ್ತಿರಲಿ ಎಂದು ಮೊದಲೇ ಕೇಳಬೇಕು. ನಡುವೆ ಕೇಳಿದರೆ ಆಗದು. ಸಂದರ್ಶನಕ್ಕೆ ಸ್ವಂತ ಲ್ಯಾಪ್‌ಟಾಪ್ ಒಯ್ದು, ಎನ್‌ವಿಡಿಎಯ ಸ್ಪೀಚ್ ವ್ಯೂವರ್ ತೆರೆದಿಡಲಿ. ಕಿವಿಗೆ ಬೀಳುವ ಮಾತೆಲ್ಲ ಪರದೆಯಲ್ಲಿ ಅಕ್ಷರವಾಗಿ ಮೂಡುತ್ತದೆ, ಎದುರಿಗಿದ್ದವರಿಗೆ ಏನು ನಡೆಯುತ್ತಿದೆ ಎಂದು ಅರ್ಥವಾಗುತ್ತದೆ. ಇನ್ನೂರು ಸಾಲಿನ ಬಿಲ್ ಪಟ್ಟಿಯಲ್ಲಿ ಬಾಕಿ ಇರುವವರನ್ನು ಬೇರೆ ಮಾಡಿ, ಮೊತ್ತ ತೆಗೆದು, ಇಮೇಲ್ ಬರೆದು ತೋರಿಸಲು ಐದಾರು ನಿಮಿಷ ಸಾಕು. ಎನ್‌ವಿಡಿಎಯ ಪೋರ್ಟಬಲ್ ಪ್ರತಿಯನ್ನು ಪೆನ್‌ಡ್ರೈವಿನಲ್ಲಿ ಇಟ್ಟುಕೊಂಡರೆ ಬೇರೆ ಕಂಪ್ಯೂಟರಿನಲ್ಲೂ ಇನ್‌ಸ್ಟಾಲ್ ಮಾಡದೆ ನಡೆಯುತ್ತದೆ. ಪೆನ್‌ಡ್ರೈವ್ ಬಿಡದ ಕಂಪನಿಗಳಲ್ಲಿ ಐಟಿ ವಿಭಾಗದ ಅನುಮತಿಗೆ ದಿನಗಳು ಬೇಕಾಗುವುದರಿಂದ ನೇಮಕಾತಿ ಪತ್ರ ಬಂದ ದಿನವೇ ಕೇಳಿ. ಮೊದಲ ವಾರ ಸುಮ್ಮನೆ ಕೂತ ಹೊಸಬನನ್ನು ಕಂಡರೆ ತಂಡ ಅವನಿಗೆ ಕೆಲಸ ಕೊಡದಿರುವುದನ್ನೇ ರೂಢಿ ಮಾಡಿಕೊಳ್ಳುತ್ತದೆ.

ಸೇರಿದ ಮೇಲೆ ನೋಟ ಪೂರ್ತಿ ಹೋದರೆ ಎಂಬ ಭಯ ನಿಮ್ಮ ಮನೆಯಲ್ಲೂ ಇರುತ್ತದೆ. ಸರ್ಕಾರಿ ಸಂಸ್ಥೆಯಾದರೆ ಅದೇ 2016ರ ಅಧಿನಿಯಮದ 20ನೇ ಕಲಂನ 4ನೇ ಉಪಕಲಂ ಕಾಯುತ್ತದೆ: ಸೇವೆಯಲ್ಲಿದ್ದಾಗ ಅಂಗವಿಕಲತೆ ಬಂದವರನ್ನು ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಇರುವ ಹುದ್ದೆ ಹೊಂದದಿದ್ದರೆ ಅದೇ ವೇತನಶ್ರೇಣಿಯ ಬೇರೆ ಹುದ್ದೆ, ಅದೂ ಇಲ್ಲದಿದ್ದರೆ ಹೆಚ್ಚುವರಿ ಹುದ್ದೆ ಸೃಷ್ಟಿಸಿ ಇಟ್ಟುಕೊಳ್ಳಬೇಕು. ಖಾಸಗಿಯಲ್ಲಿ ಇಷ್ಟು ಗಟ್ಟಿ ರಕ್ಷಣೆ ಇಲ್ಲ.

ದೂರು ಕೊಡಬೇಕಾಗಿ ಬಂದರೆ, ರಾಜ್ಯದ ಇಲಾಖೆಗಳ ವಿರುದ್ಧ ಬೆಂಗಳೂರಿನಲ್ಲಿರುವ ಅಂಗವಿಕಲರ ರಾಜ್ಯ ಆಯುಕ್ತರಿಗೆ, ಬ್ಯಾಂಕು, ರೈಲ್ವೆಯಂಥ ಕೇಂದ್ರದ ಸಂಸ್ಥೆಗಳಾದರೆ ದೆಹಲಿಯ ಮುಖ್ಯ ಆಯುಕ್ತರಿಗೆ ಬರೆಯಿರಿ. ಮೀಸಲು ಹುದ್ದೆ ತುಂಬಿಲ್ಲ ಎಂಬ ಅನುಮಾನವಿದ್ದರೆ 10 ರೂಪಾಯಿಯ ಮಾಹಿತಿ ಹಕ್ಕು ಅರ್ಜಿಯಲ್ಲಿ ಅಂಗವಿಕಲರ ರೋಸ್ಟರ್ ರಿಜಿಸ್ಟರಿನ, ಅಂದರೆ ಯಾವ ಹುದ್ದೆ ಅವರಿಗೆ ಮೀಸಲು ಎಂದು ಬರೆದಿಡುವ ಪುಸ್ತಕದ, ಪ್ರತಿ ಕೇಳಿ. ಅರ್ಹರು ಸಿಗದಿದ್ದರೆ ಹುದ್ದೆ ಮುಂದಿನ ವರ್ಷಕ್ಕೆ ಹೋಗಬೇಕೇ ಹೊರತು ಕೂಡಲೇ ಬೇರೆಯವರಿಗಲ್ಲ.

ಅಂಗಡಿಯ ಬಗ್ಗೆ. ಅಪ್ಪನ ಆತಂಕ ಸಹಜ, ಅಂಗಡಿ ಕೀಳು ಕೆಲಸವೂ ಅಲ್ಲ. ನೋಟು ಗುರುತಿಸಲು ರಿಸರ್ವ್ ಬ್ಯಾಂಕಿನ 'ಮನಿ' ಆ್ಯಪ್ ಇದೆ, ಹಣ ಬಂದದ್ದನ್ನು ಸೌಂಡ್‌ಬಾಕ್ಸ್ ಕೂಗಿ ಹೇಳುತ್ತದೆ. ಆದರೆ ಊರ ಅಂಗಡಿಯ ವ್ಯಾಪಾರ ಏರುವುದೇ ದೀಪ ಹಚ್ಚುವ ಹೊತ್ತಿಗೆ, ನಿಮ್ಮ ತಮ್ಮನ ಕಣ್ಣು ಸೋಲುವುದೂ ಅದೇ ಹೊತ್ತಿಗೆ. ಬ್ಯಾಂಕ್ ಗುಮಾಸ್ತ ಹುದ್ದೆಯ ವಯೋಮಿತಿ 28. ಶೇ 40ರ ಪ್ರಮಾಣಪತ್ರ ಇದ್ದರೆ 10 ವರ್ಷ ಸಡಿಲಿಕೆ ಸೇರಿ 38 ಆಗುತ್ತದೆ. ಅವನಿಗೆ ಈಗ 24. ಪೆರಿಮೆಟ್ರಿ ಮತ್ತು ಮರುಮೌಲ್ಯಮಾಪನದ ಓಡಾಟ ಈ ತಿಂಗಳೇ ಶುರುವಾಗಲಿ, ಅದು ಮುಗಿಯುವುದನ್ನು ಕಾಯದೆ ಟೈಪಿಂಗ್ ನಾಳೆಯಿಂದಲೇ. ಅಪ್ಪನ ಹತ್ತಿರ ಆರು ತಿಂಗಳು ಕೇಳಿಕೊಳ್ಳಿ.